ತೆರೆಯದೆ ತಂದ ಕರಡಿಗೆ

"ಉಳ್ಳಿಯೋ, ತಕ್ಕಾಳಿಯೋ?"

ಪಾಳಯಂ ತರಕಾರಿ ಮಾರ್ಕೆಟ್ಟಿನ ಬಾಯಲ್ಲೇ ನೀಲಿ ಅಂಗಿಯ ಹಮಾಲಿಯೊಬ್ಬ ನನಗೆ ಅಡ್ಡ ನಿಂತ. ನನ್ನ ಪಂಚೆ, ಹೆಗಲ ಟವೆಲು, ಹಣೆಯ ವಿಭೂತಿ ನೋಡಿ ಗುಂಡ್ಲುಪೇಟೆಯ ಲಾರಿ ಬಂತೆಂದುಕೊಂಡಿದ್ದ.

"ಲೋಡಿಲ್ಲ," ಎಂದೆ ಮಲಯಾಳದಲ್ಲಿ. "ನಾನೊಬ್ಬನೇ."

"ಈರುಳ್ಳಿಯೂ ಇಲ್ಲ, ಟೊಮ್ಯಾಟೋನೂ ಇಲ್ಲ. ಮತ್ತೆ ಕಲ್ಲಿಕೋಟೆಗೆ ಯಾಕೆ ಬಂದೆ?"

"ನಡೆಯೋಕೆ."

ಅವನು ಪಕ್ಕದವನಿಗೆ ಕಣ್ಣು ಹೊಡೆದ. "ಗುಂಡಲ್‌ಪೇಟೆಯಿಂದ ಬರಿಗೈಲಿ ಬಂದವನನ್ನ ಇವತ್ತೇ ನೋಡಿದ್ದು. ಬಿಡ್ರೋ ದಾರಿ, ರಾಜರು ನಡೀಲಿ!"

ರಾಜರು ನಡೆದರು. ಈ ಊರಿನಲ್ಲಿ ನಾನು ರಾಜನೇ. ಇಪ್ಪತ್ತೆರಡು ವರ್ಷ ಇಲ್ಲಿಗೆ ತರಕಾರಿ ಲಾರಿ ಹೊಡೆದವನು ಈ ಶಿವಮಲ್ಲು. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವನ್ನೂ ಕಣ್ಣು ಮುಚ್ಚಿಕೊಂಡು ಇಳಿಸುತ್ತಿದ್ದೆ. ಒಂದು ಸಲವಂತೂ ಪೂರಾ ನಿದ್ದೆಯಲ್ಲೇ ಇಳಿಸಿದೆ. ಕನಸು ಕೆಡದಿರಲಿ ಎಂದು ಕ್ಲೀನರ್ ಹಾರ್ನ್ ಕೂಡ ಒತ್ತಲಿಲ್ಲ. ಈಗ ಲಾರಿ ಬಿಟ್ಟು ಗುಂಡ್ಲುಪೇಟೆಯಲ್ಲಿ ಪತ್ತೇದಾರಿಯ ಬೋರ್ಡು ಹಾಕಿದ್ದೇನೆ. ಕಳೆದುಹೋದ ಎಮ್ಮೆಗಳು ನನ್ನ ಹೆಸರು ಕೇಳಿದರೆ ತಾವೇ ಮನೆಗೆ ವಾಪಸು ಬರುತ್ತವೆ.

ಆದರೆ ಈ ಸಲ ಹುಡುಕಬೇಕಾದದ್ದು ಎಮ್ಮೆಯಲ್ಲ. ಹನ್ನೊಂದು ವರ್ಷದ ಹಿಂದೆ ನಾನೇ ಆಡಿದ ಒಂದು ಮಾತು.

ಆ ಮಾತಿನಿಂದ ತೆರಕಣಾಂಬಿಯ ಸೋಮೇಶ ತನ್ನ ಅಣ್ಣ ಮೃತ್ಯುಂಜಯನನ್ನು ಕೊಂದನೆಂದು ತೀರ್ಪಾಗಿ ಜೈಲಿನಲ್ಲಿದ್ದಾನೆ. ಸೋಮವಾರ ಮೇಲಿನ ಕೋರ್ಟಿನಲ್ಲಿ ಅವನ ಕಡೆಯ ಅಪೀಲು. ಇವತ್ತು ಶನಿವಾರ. ಹೊಸದೊಂದು ಸಂಗತಿ ಇಲ್ಲದಿದ್ದರೆ ಅವನು ಅಲ್ಲೇ ಮುದುಕನಾಗುತ್ತಾನೆ ಎಂದು ವಕೀಲರು ಹೇಳಿದ್ದರು.

ಅದಕ್ಕೇ ಅವತ್ತಿನ ದಾರಿಯನ್ನು ಅವತ್ತಿನ ಹಾಗೆಯೇ ನಡೆಯಲು ಬಂದಿದ್ದೆ.

ಮಾರ್ಕೆಟ್ಟಿನ ಮೂರನೆಯ ಸಾಲಿನಲ್ಲಿ, ಬಾಳೆಗೊನೆ ನೇತುಹಾಕಿದ್ದ ಕಂಬದ ಪಕ್ಕ, ಅವತ್ತು ನನ್ನ ಲಾರಿಯಲ್ಲಿ ಲೋಡಿನ ಜೊತೆ ಬಂದಿದ್ದ ಅಣ್ಣತಮ್ಮ ಜಗಳವಾಡಿದ್ದರು. ಹೊಲ ಭಾಗವಾಗುವ ಮಾತು. ಕಂಬ ಅಲ್ಲೇ ಇತ್ತು. ಕೈಯಿಟ್ಟು ನಿಂತೆ. ಎದೆಯಲ್ಲಿ ಏನಾದರೂ ಆದೀತೆಂದು ಕಾದೆ. ಏನೂ ಆಗಲಿಲ್ಲ. ಮೂರು ತಾಲ್ಲೂಕಿನಲ್ಲಿ ನನ್ನಷ್ಟು ಗಟ್ಟಿ ಎದೆಯವನು ಇನ್ನೊಬ್ಬನಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಅದು ಗಟ್ಟಿಯಲ್ಲ. ಬಹಳ ಹೊತ್ತು ಮಡಿಸಿಕೊಂಡು ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಅದು.

"ಕಡ್ಲಿಗೆ ತಳ್ಬುಡ್ತೀನಿ" ಎಂದು ಸೋಮೇಶ ಇಲ್ಲಿ ಅಣ್ಣನಿಗೆ ಅಂದದ್ದು ಒಂದೇ ಸಲ. ಕೋರ್ಟಿನಲ್ಲಿ ನಾನು ಮೂರು ಸಲ ಎಂದೆ. ಹಲ್ಲು ಕಡಿದುಕೊಂಡು ಅಂದ ಎಂದೂ ಸೇರಿಸಿದೆ. ಒಂದೇ ಸಲ ಎಂದರೆ ಕೇಳುವವರಿಗೆ ಸಪ್ಪೆ.

ಅಂಗಡಿಯಲ್ಲಿ ಚಹ ಕುಡಿದೆ. ನಾಲಿಗೆ ಸುಟ್ಟಿದೆ ಎಂದು ಗೊತ್ತಾದದ್ದು ಲೋಟ ಖಾಲಿಯಾದ ಮೇಲೆ.

ಅಲ್ಲಿಂದ ವಲಿಯಂಗಾಡಿಯ ಅಕ್ಕಿ ಮೂಟೆಗಳ ಸಾಲು ದಾಟಿ ದಕ್ಷಿಣದ ಕಡಲ ತಡಿಗೆ ಬಂದೆ. ಅವತ್ತು ಲಾರಿ ನಿಲ್ಲಿಸಿದ್ದು ಇಲ್ಲೇ. ಸಂಜೆ ಮೃತ್ಯುಂಜಯ "ಗಾಳಿ ಕುಡ್ದು ಬತ್ತೀನಿ ಇರ್ಲಾ" ಎಂದು ಹಳೆಯ ಕಬ್ಬಿಣದ ಕಂಬಗಳು ನೀರಿನಲ್ಲಿ ನಿಂತಿರುವ ಕಡೆಗೆ ಹೋದವನು ಮತ್ತೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಸೋಮೇಶನೂ ಅದೇ ಕಡೆಗೆ ಹೋಗಿದ್ದ. ಮೂರು ದಿನದ ಮೇಲೆ ವೆಳ್ಳಯಿಲ್ ಮೀನು ಬಂದರಿನ ಬಳಿ ಹೆಣ ಸಿಕ್ಕಿತು.

ಈ ಹನ್ನೊಂದು ವರ್ಷದಲ್ಲಿ ಕಡಲು ಹತ್ತು ಮಾರು ಹಿಂದಕ್ಕೆ ಸರಿದಿತ್ತು. ನಾನು ಬರುವ ಸುದ್ದಿ ಯಾರೋ ಮುಟ್ಟಿಸಿರಬೇಕು.

ಕಲ್ಲಿನ ಮೇಲೆ ಕೂತಿದ್ದಾಗ ಸೋಮೇಶನ ಹೆಂಡತಿ ರೂಪಶ್ರೀಯ ಫೋನು ಬಂತು. ಮೂರು ವಾರದ ಹಿಂದೆ ನನ್ನ ಬೋರ್ಡಿನ ಕೆಳಗೆ ಬಂದು ನಿಂತು ಈ ಕೆಲಸ ಹಚ್ಚಿದವಳು ಅವಳೇ.

"ಅಣ್ಣ, ಏನಾರ ಸಿಕ್ತಾ?"

"ಸಿಕ್ಕೇ ಸಿಕ್ತದೆ ಕಣವ್ವ. ಈ ಶಿವಮಲ್ಲು ಕೈ ಆಕುದ್ ಮ್ಯಾಲೆ ಕಡ್ಲೇ ಬಾಯ್ಬುಡ್ಬೇಕು."

"ದೊಡ್ ಮಾತ್ ಬ್ಯಾಡ. ಸಿಕ್ತೋ ಇಲ್ವೋ ಅಷ್ಟ್ ಯೋಳು."

"...ಇನ್ನೂ ಇಲ್ಲ."

ಆ ಕಡೆ ಕುಕ್ಕರ್ ಕೂಗಿತು. ಅವಳು ಅದನ್ನು ಆರಿಸಿ ಬಂದಳು.

"ಮೊನ್ನೆ ಜೈಲಿಗೆ ಓಗಿದ್ದೆ. ಈ ಸಲ ಆಗ್ನಿಲ್ಲ ಅಂದ್ರೆ ಇನ್ ನೋಡಕ್ ಬರ್ಬ್ಯಾಡ ಅಂದ್ಬುಟ್ರು. ಅಳ್ನೂ ಇಲ್ಲ, ಬಯ್ನೂ ಇಲ್ಲ. ಬಸ್ಸಿಗೆ ಟೈಮಾಯ್ತು ಓಗು ಅನ್ನೋ ಅಂಗೆ ಅಂದ್ರು." ಆಮೇಲೆ ಅಂದಳು: "ನಿನ್ ಬಾಯಿಂದ ಒಳಿಕ್ಕೋದ್ರು ಶಿವಮಲ್ಲಣ್ಣ. ನಿನ್ ಬಾಯಿಂದ್ಲೇ ಈಚ್ಗೆ ಬರ್ಬೇಕು."

ಫೋನು ಜೇಬಿಗಿಟ್ಟು ಎದ್ದೆ. ಬಂದರಿನವರೆಗೆ ಅರ್ಧ ಗಂಟೆಯ ನಡಿಗೆ. ಹತ್ತು ನಿಮಿಷದಲ್ಲಿ ಮುಟ್ಟಿದೆ ಎಂದು ಬರೆಯಲು ಕೈ ತುರಿಸುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು.

ಹೆಣವನ್ನು ಮೊದಲು ಕಂಡವನು ಬೀರಾನ್ ಕೋಯ. ಹಿಂದೆ ಒಣಮೀನು ಮಾರಲು ನಮ್ಮ ಸಂತೆಗೆ ಬರುತ್ತಿದ್ದವನು, ಹಾಗಾಗಿ ಒಂದಿಷ್ಟು ಕನ್ನಡ ಬಲ್ಲ. ಬಂದರಿನ ತಗಡಿನ ನೆರಳಿನಲ್ಲಿ ಬಲೆ ಹರವಿಕೊಂಡು ಕೂತಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು.

ನಾನು ಹೆಸರು ಹೇಳುವ ಮೊದಲೇ ಅವನು ಅಂದ: "ಕೂಗಾಡಿದ ಡ್ರೈವರ್."

"ನೆನಪೈತಾ?"

"ಹೆಂಗೆ ಮರೆಯೋದು? ಎಸ್‌ಐ ಸಾರ್ ಕೈ ಹಿಡಿದು ಎಳೆದೆ ನೀನು. ಬಂದರಿನ ಕಾಗೆ ಎಲ್ಲ ಹಾರಿಹೋಯ್ತು."

ಹಿಡಿದದ್ದು ನಿಜ. ನನ್ನ ಬದುಕಿನ ಅತಿ ದೊಡ್ಡ ಶೌರ್ಯ ಅದು. ಗುಂಡ್ಲುಪೇಟೆಯ ಎಲ್ಲ ಹೋಟೆಲಿನಲ್ಲೂ ಹೇಳಿದ್ದೇನೆ, ಕೆಲವು ಕಡೆ ಎರಡೆರಡು ಸಲ.

ಹೆಣದ ಮುಖವನ್ನು ಮೀನು ಉಳಿಸಿರಲಿಲ್ಲ. ಎತ್ತರ ಹೊಂದುತ್ತಿತ್ತು, ಅಷ್ಟೇ. ಆದರೆ ಕೊರಳಲ್ಲಿ ಶಿವದಾರ, ಅದರಲ್ಲಿ ಮೃತ್ಯುಂಜಯನ ಬೆಳ್ಳಿಯ ಕರಡಿಗೆ. ಇಷ್ಟಲಿಂಗವನ್ನು ಒಳಗಿಟ್ಟು ನಮ್ಮವರು ಹುಟ್ಟಿದಾಗಿನಿಂದ ಎದೆಯ ಮೇಲೆ ಕಟ್ಟಿಕೊಳ್ಳುವ ಪುಟ್ಟ ಡಬ್ಬಿ. ಎಸ್‌ಐ ಅದರ ಮುಚ್ಚಳಕ್ಕೆ ಕೈ ಹಾಕಿದ. ಆಗ ನಾನು ಗರ್ಜಿಸಿದೆ. ಒಬ್ಬನ ಲಿಂಗವನ್ನು ಇನ್ನೊಬ್ಬ ಮುಟ್ಟಕೂಡದು, ನೋಡಲೂಕೂಡದು. ಹೆಂಡತಿ ಕೂಡ ಮುಟ್ಟುವುದಿಲ್ಲ, ನೀನು ಯಾರಯ್ಯ? ಇವನು ನಮ್ಮ ಮೃತ್ಯುಂಜಯನೇ, ಆ ಪರೀಕ್ಷೆ ಈ ಪರೀಕ್ಷೆ ಎಂದು ಹೆಣ ಕುಯ್ಯಬೇಡಿ! ಪಾಪ, ಹುಡುಗ ಎಸ್‌ಐ. ಹಾಗೇ ಬಿಟ್ಟ. "ಬೆಳ್ಳಿ ಡಬ್ಬಿ ಒಂದು" ಎಂದು ಬರೆದುಕೊಂಡ.

ಗುರುತು ಹಿಡಿಯಲು ಇದ್ದದ್ದು ಆ ಡಬ್ಬಿ, ಮತ್ತು ನನ್ನ ಬಾಯಿ.

"ಕೋಯ," ಎಂದೆ. "ಅವತ್ತು ಪೊಲೀಸ್ನೋರು ಬರೋ ಮುಂಚೆ ಹೆಣದ್ ಹತ್ರ ಎಷ್ಟೊತ್ತು ಇದ್ದೆ?"

"ಅರ್ಧ ಗಂಟೆ."

"ಒಬ್ಬನೇ?"

"ಒಬ್ಬನೇ."

"ಆ ಬೆಳ್ಳಿ ಡಬ್ಬಿ..."

ಬಲೆಯ ಸೂಜಿ ನಿಂತಿತು. ಕಣ್ಣು ಮೇಲೇಳಲಿಲ್ಲ.

ಇಲ್ಲಿ ನಾನು ಒಂದು ಹೇಳಬೇಕು. ಹೆಣವನ್ನು ಊರಿಗೆ ತಂದ ದಿನ ಆ ಕರಡಿಗೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಮಡಿಲಲ್ಲಿಟ್ಟುಕೊಂಡು ಬಂದೆ. ತೆರೆಯಲಿಲ್ಲ. ತೆರೆಯುವ ಯೋಚನೆ ಕೂಡ ಬರಲಿಲ್ಲ. ಆದರೆ ದಾರಿಯುದ್ದಕ್ಕೂ ನನ್ನ ಹೆಬ್ಬೆರಳು ಮುಚ್ಚಳದ ಅಂಚಿನ ಮೇಲೆ ಓಡಾಡುತ್ತಿತ್ತು. ಅಲ್ಲೊಂದು ಗೀರು. ಹೊಸದು, ಹೊಳೆಯುವ ಗೀರು. ಬಂಡೆಗೆ ಉಜ್ಜಿರಬೇಕು ಎಂದುಕೊಂಡಿದ್ದೆ.

ಈಗ ಕೋಯನ ಮೊಣಕಾಲಿನ ಪಕ್ಕ ಬಿದ್ದಿದ್ದ ಮೀನು ಕತ್ತಿಯನ್ನು ನೋಡಿದೆ. ಬಂಡೆಗೆ ಉಜ್ಜಿದ್ದರೆ ಡಬ್ಬಿಯ ಮೈಯೆಲ್ಲ ಗೀರಬೇಕಿತ್ತು. ಅಂಚೊಂದೇ ಯಾಕೆ ಗೀರಿತು?

"ನೀನು ಅದನ್ನ ತೆಗ್ದೆ," ಎಂದೆ.

"ಇಲ್ಲ. ಕೋರ್ಟಲ್ಲಿ ಹೇಳಿದ್ದೀನಿ. ಮುಟ್ಟಿಲ್ಲ."

"ಕತ್ತಿ ಆಕಿ ಮೀಟ್ದೆ. ಒಳ್ಗಿದ್ದ ಲಿಂಗ ಕದ್ದೆ."

ಅವನು ಎದ್ದು ನಿಂತ. ಬಲೆ ಅವನ ಕಾಲಿಗೆ ಸುತ್ತಿಕೊಂಡಿತು. "ಕಳ್ಳ ಅಂತೀಯಾ? ನನ್ನ? ನಿಮ್ಮೂರ ಸಂತೇಲಿ ಹತ್ತು ವರ್ಷ ಮೀನು ತೂಗಿದವನು ನಾನು! ಒಂದು ಪುಟ್ಟ ನೆತ್ತಿಲಿ ಮೀನಿನಷ್ಟು ಮೋಸ ಮಾಡಿದ್ದೀನಾ, ಕೇಳು ಹೋಗು!"

"ಕೂಗ್ಬೇಡ. ಕೂಗೋದು ನನ್ ಕೆಲ್ಸ. ಒಳ್ಗೆ ಏನಿತ್ತು?"

"ಹೇಳಲ್ಲ."

"ಕದ್ದಿದ್ಕೇ ಯೋಳಲ್ಲ."

"ಏನು ಕದಿಯೋದು?" ಅವನ ದನಿ ಒಡೆಯಿತು. "ಒಳಗೆ ಏನೂ ಇರಲಿಲ್ಲ! ಖಾಲಿ! ಪಡಚ್ಚೋನ್, ಆ ದೇವರೇ ಸಾಕ್ಷಿ, ಖಾಲಿ ಡಬ್ಬಿ!"

ಆಚೆ ಐಸು ಪುಡಿ ಮಾಡುವ ಯಂತ್ರ ಕರಕರ ಎನ್ನುತ್ತಿತ್ತು.

"ಯಾಕೆ ತೆಗ್ದೆ?" ಎಂದೆ ಮೆಲ್ಲಗೆ.

ಅವನು ಮತ್ತೆ ಕೂತ. "ನಮ್ಮವರ ತಾಯಿತದ ಒಳಗೆ ಬರೆದಿರ್ತಾರೆ. ಇದ್ರಲ್ಲೂ ಹೆಸರು, ಊರು ಬರೆದ ಚೀಟಿ ಇರುತ್ತೆ ಅಂದುಕೊಂಡೆ. ಯಾರ ಮಗನೋ, ಮನೆಗೆ ಸುದ್ದಿ ಮುಟ್ಟಲಿ ಅಂತ. ಮುಚ್ಚಳ ಬಿಗಿ ಇತ್ತು. ಕತ್ತಿಯಿಂದ ಎಬ್ಬಿಸಿದೆ. ಖಾಲಿ. ಮತ್ತೆ ಒತ್ತಿ ಮುಚ್ಚಿದೆ. ಆಮೇಲೆ ನೀನು ಬಂದು ಕೂಗಾಡಿದೆ. ಮುಟ್ಟಿದ್ರೇ ಇಷ್ಟು ಗಲಾಟೆ, ತೆಗೆದಿದ್ದೀನಿ ಅಂದ್ರೆ ಒಳಗಿನದ್ದು ನಾನೇ ಕದ್ದೆ ಅಂತಾರೆ. ಈಗ ನೀನು ಅಂದೆಯಲ್ಲ, ಹಂಗೆ. ಅದಕ್ಕೆ ಬಾಯಿ ಮುಚ್ಚಿದೆ."

ಮುಚ್ಚಳ ಬಿಗಿ ಇತ್ತು. ಅಂದರೆ ಕಡಲು ತೆಗೆದದ್ದಲ್ಲ. ಯಾವುದೋ ಕೈ ಲಿಂಗವನ್ನು ಹೊರತೆಗೆದು, ಮುಚ್ಚಳ ಒತ್ತಿ, ಆಮೇಲೆ ಕರಡಿಗೆಯನ್ನು ಆ ಕೊರಳಿಗೆ ಹಾಕಿತ್ತು.

ಕಳ್ಳನಾಗಿದ್ದರೆ ಬೆಳ್ಳಿ ಒಯ್ಯುತ್ತಿದ್ದ. ಬೆಳ್ಳಿಯನ್ನು ಬಿಟ್ಟು ಲಿಂಗವನ್ನು ಒಯ್ಯುವವನು ಈ ಭೂಮಿಯ ಮೇಲೆ ಒಬ್ಬನೇ. ಅದು ಯಾರ ಎದೆಯ ಮೇಲಿತ್ತೋ ಅವನು. ಹೆಂಡತಿ, ತಮ್ಮ, ಹೊಲ, ಹೆಸರು ಎಲ್ಲವನ್ನೂ ಬಿಟ್ಟು ಹೋಗಬಲ್ಲವನಿಗೂ ಅದೊಂದನ್ನು ಪರರ ಹೆಣದ ಜೊತೆ ಬಿಟ್ಟುಹೋಗಲು ಕೈ ಬಂದಿಲ್ಲ.

ಮೃತ್ಯುಂಜಯ ಸತ್ತಿಲ್ಲ.

ಹಾಗಾದರೆ ತೆರಕಣಾಂಬಿಯ ಹೊಲದಲ್ಲಿ ನಾವು ಪದ್ಮಾಸನ ಹಾಕಿಸಿ ಕೂರಿಸಿ ಮಣ್ಣು ಮಾಡಿದ್ದು ಯಾರನ್ನು?

ಬೇರೆ ಯಾವ ಪತ್ತೇದಾರನಾದರೂ ಇಲ್ಲಿ ಕುಣಿದಾಡುತ್ತಿದ್ದ. ನಾನು ಕೋಯನ ಬಲೆಯ ಒಂದು ತೂತನ್ನು ನೋಡುತ್ತಾ ನಿಂತೆ. ಎಸ್‌ಐ ಆವತ್ತು ಮುಚ್ಚಳ ತೆಗೆದಿದ್ದರೆ ಕೇಸೇ ಇರುತ್ತಿರಲಿಲ್ಲ. ಕೈ ಹಿಡಿದವನು ನಾನು.

"ಸೋಮವಾರ ಕೋರ್ಟಿಗೆ ಬಂದು ಇಷ್ಟನ್ನ ಹೇಳ್ತೀಯಾ ಕೋಯ?"

"ಹೇಳ್ತೀನಿ. ಆದ್ರೆ ಅಂದು ಮುಟ್ಟಿಲ್ಲ ಅಂದವನು ಇಂದು ತೆಗೆದೆ ಅಂದ್ರೆ ಯಾರು ನಂಬ್ತಾರೆ?"

ನಿಜ. ಅವನ ಮಾತು ಸಾಲದು. ಆದರೆ ಕರಡಿಗೆ ಇದೆಯಲ್ಲ! ಗುಂಡಿಯ ಒಳಗಿದೆ. ಗುಂಡಿ ತೆಗೆಸಿದರೆ ಖಾಲಿ ಡಬ್ಬಿಯೇ ಸಾಕ್ಷಿ ಹೇಳುತ್ತದೆ.

ಆವತ್ತು ಮಣ್ಣಿನ ಶಾಸ್ತ್ರ ಮಾಡಿಸಿದವರು ತೆರಕಣಾಂಬಿಯ ಗುರುಪಾದಸ್ವಾಮಿ ಅಯ್ಯನವರು. ಅವರ ಮಾತಿಲ್ಲದೆ ಗದ್ದುಗೆಯ ಒಂದು ಹೆಂಟೆಯನ್ನೂ ಯಾರೂ ಅಲ್ಲಾಡಿಸುವುದಿಲ್ಲ. ಬಂದರಿನ ಕಟ್ಟೆಯ ಮೇಲೆ ಕೂತು ಫೋನು ಮಾಡಿದೆ.

"ಅಡ್ಬಿದ್ದೆ ಬುದ್ಧಿ. ಶಿವಮಲ್ಲು."

"ಯಾಕ್ಲಾ, ಎಲ್ಲಿದ್ದೀಯೆ? ಏನದು ಕಾಗೆ ಸದ್ದು?"

"ಕ್ಯಾಲಿಕಟ್ಟಲ್ಲಿವ್ನಿ ಬುದ್ಧಿ. ಮೃತ್ಯುಂಜಯನ್ ಗುಂಡಿ ತೆಗುಸ್ಬೇಕು."

ನಾನು ಕೋಯ ಹೇಳಿದ್ದನ್ನು ಹೇಳಿದೆ. ಬದುಕಿನಲ್ಲಿ ಮೊದಲ ಸಲ ಒಂದು ಅಕ್ಷರವನ್ನೂ ಸೇರಿಸದೆ ಹೇಳಿದೆ.

"ತೆಗುಸ್ಬ್ಯಾಡ," ಎಂದರು ಅಯ್ಯನವರು.

"ಯಾಕ್ ಬುದ್ಧಿ?"

"ಲೋ ಶಿವಮಲ್ಲು, ಗುಂಡಿ ಒಳಿಕ್ಕೆ ಇಳ್ದು ಹೆಣದ್ ಅಂಗೈಗೆ ಲಿಂಗ ಇಡೋರು ಯಾರ್ಲಾ? ನಾನಲ್ವ? ಕರಡ್ಗೆ ಬಿಚ್ಚುದ್ದೂ ನಾನೇ."

ನೂರು ಮಣ್ಣಿಗೆ ಹೆಗಲು ಕೊಟ್ಟವನು ನಾನು. ಅಂಗೈಗೆ ಲಿಂಗ ಇಡುವ ಶಾಸ್ತ್ರ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

"ಖಾಲಿ ಇತ್ತು," ಎಂದರು. "ಕಡ್ಲು ತಕ್ಕೊಂಬುಡ್ತು ಅನ್ಕೊಂಡೆ. ಮೇಲ್ಗಡೆ ಮನೆಯೋರೆಲ್ಲ ಅಳ್ತಾವ್ರೆ. ಲಿಂಗ ಇಲ್ದಂಗೆ ಕೂರ್ಸಕ್ಕಾಯ್ತದ? ಮಠದಿಂದ ತಂದಿದ್ದ ಇನ್ನೊಂದ್ ಲಿಂಗ ಚೀಲ್ದಲ್ಲಿತ್ತು. ಅದ್ನೇ ಅಂಗೈಲಿಟ್ಟು, ಕರಡ್ಗೆ ಪಕ್ಕದಲ್ಲಿಟ್ಟು ಮಣ್ಣೆಳುಸ್ದೆ. ಯಾರ್ಗೂ ಯೋಳ್ನಿಲ್ಲ. ಯೋಳಿ ಯಾರ್ ಒಟ್ಟೆ ಉರ್ಸಾನ?"

ಅಂದರೆ ಗುಂಡಿ ತೆಗೆದರೆ ಸಿಗುವುದು ಅಂಗೈಯಲ್ಲಿ ಲಿಂಗ, ಪಕ್ಕದಲ್ಲಿ ಕರಡಿಗೆ. ಎಲ್ಲ ಸರಿಯಾಗಿದೆ ಎನ್ನುತ್ತದೆ ಕೋರ್ಟು. ಸೋಮೇಶನಿಗೆ ಇದ್ದ ಒಂದೇ ಸಾಕ್ಷಿಯನ್ನು ಮುಗಿಸಿದ್ದು ದ್ವೇಷವಲ್ಲ, ದಯೆ.

"ನೀವೇ ಬಂದು ಯೋಳಿ ಬುದ್ಧಿ. ಸೋಮವಾರ. ಒಂದ್ ಜೀವ ಉಳೀತದೆ."

"ಬತ್ತೀನಿ," ಎಂದರು. "ಆದ್ರೆ ನಾನ್ ಕೂರ್ಸಿದ್ದು ಯಾರ್ನ್ಲಾ? ಯಾರ್ ಮನೆ ಮಗಂಗೆ ಲಿಂಗ ಕೊಟ್ಬುಟ್ಟೆ?"

ಫೋನು ಇಡಲು ಹೋದೆ.

"ಇರು. ಇನ್ನೊಂದದೆ. ಮಣ್ಣಾಗಿ ಮೂರ್ ತಿಂಗ್ಳಿಗೆ ಮೃತ್ಯುಂಜಯನ್ ಹೆಂಡ್ತಿ ನಾಗರತ್ನ ಮಠಕ್ಕೆ ಬಂದು ಒಂದು ಹೊಸಾ ಕರಡ್ಗೆ ತರ್ಸಿಕೊಡಿ ಅಂದ್ಲು. ಯಾರ್ಗವ್ವ, ನಿಂದು ಎದೆ ಮೇಲೇ ಅದಲ್ಲ ಅಂದೆ. ತುಟಿ ಬಿಚ್ನಿಲ್ಲ. ತರ್ಸಿಕೊಟ್ಟೆ. ಇವತ್ತಿನ್ ಗಂಟ ಅದ್ರ ಅರ್ಥ ನಂಗಾಗಿರ್ನಿಲ್ಲ."

ಲಿಂಗ ಇರುವವನಿಗೆ, ಕರಡಿಗೆ ಇಲ್ಲದವನಿಗೆ.

"ಈಗೆಲ್ಲಿದ್ದಾಳೆ ಆಯಮ್ಮ?"

"ಬೆಳಿಗ್ಗೆ ನಾನೇ ಜೀಪಲ್ಲಿ ಗುಂಡ್ಲುಪೇಟೆಗೆ ಬುಟ್ಬಂದೆ. ಮೈಸೂರಿಗೆ ಓಯ್ತೀನಿ ಅಂದಿದ್ಲು. ಅತ್ತಿದ್ದು ಮಾತ್ರ ಕ್ಯಾಲಿಕಟ್ ಬಸ್ಸು."

ಗಂಟೆ ಮೂರೂವರೆ. ಆ ಬಸ್ಸು ನಾಲ್ಕೂಕಾಲಿಗೆ ಮಾವೂರ್ ರಸ್ತೆಯ ನಿಲ್ದಾಣಕ್ಕೆ ಬರುತ್ತದೆ. ಆಟೋ ಹಿಡಿಯಬಹುದಿತ್ತು. ಹೊಳೆಯಲಿಲ್ಲ. ನಡೆದೆ.

ನಿಲ್ದಾಣದ ಕಂಬದ ಹಿಂದೆ ನಿಂತೆ. ನನ್ನಂಥ ಆಳು ಕಂಬದ ಹಿಂದೆ ನಿಂತರೆ ಕಂಬವೇ ಕಾಣುವುದಿಲ್ಲ. ಬಸ್ಸು ಬಂತು. ನಾಗರತ್ನ ಇಳಿದಳು. ಬೂದು ಬಣ್ಣದ ಸೀರೆ, ಕೈಯಲ್ಲೊಂದು ಬುಟ್ಟಿ. ಬುಟ್ಟಿಯ ಮೇಲೆ ಬಾಳೆ ಎಲೆ ಮುಚ್ಚಿತ್ತು.

ಕೋರ್ಟಿನ ಕೇಸು ಇಲ್ಲೇ ನಡೆದರೂ ಅವಳು ಬಂದಿರಲಿಲ್ಲ. ಬಂಡೀಪುರದ ಚೆಕ್‌ಪೋಸ್ಟ್ ದಾಟಿದವಳಲ್ಲ, ಕಡಲು ನೋಡಿದವಳಲ್ಲ, ಗಂಡನನ್ನು ನುಂಗಿದ ಊರಿಗೆ ಕಾಲಿಡುವುದಿಲ್ಲ ಎಂದು ಕಾಗದ ಬರೆದು ಕಳಿಸಿದ್ದಳು.

ಆ ಹೆಂಗಸು ಯಾರನ್ನೂ ದಾರಿ ಕೇಳಲಿಲ್ಲ. ಬೋರ್ಡು ನೋಡಲಿಲ್ಲ. ರಸ್ತೆ ದಾಟಿ, ಎರಡನೆಯ ಗಲ್ಲಿಗೆ ತಿರುಗಿ, ಹೆಂಚಿನ ಮನೆಗಳ ಸಾಲಿಗೆ ಇಳಿದಳು. ಒಬ್ಬ ಮುದುಕಿ ಅವಳನ್ನು ಕಂಡು ತಲೆಯಾಡಿಸಿದಳು, ಪಕ್ಕದ ಮನೆಯವಳಿಗೆ ಆಡಿಸುವ ಹಾಗೆ.

ನಾನು ಇಪ್ಪತ್ತು ಮಾರು ಹಿಂದೆ. ನೆರಳಿಗೂ ಸದ್ದು ಕೇಳದ ಹಾಗೆ.

ಹಸಿರು ಬಾಗಿಲಿನ ಮುಂದೆ ಅವಳು ನಿಂತಳು. ತಿರುಗಲಿಲ್ಲ.

"ಇಂದಿಂದೆ ಯಾಕ್ ಬತ್ತೀಯೆ ಶಿವಮಲ್ಲಣ್ಣ? ಜೊತೆಲೇ ಬಾ."

ನಾನು ಅಲ್ಲೇ ನಿಂತೆ.

"ಸೋಮೇಶ ಈಚ್ಗೆ ಬರ್ಬೇಕು ಅಂತ ನಿಂಗಷ್ಟೇ ಅಲ್ಲ, ನಂಗೂ ಆಸೆ ಅದೆ," ಎಂದಳು. ಬೆಲ್ಲದ ಬೆಲೆ ಹೇಳುವಷ್ಟು ಸಲೀಸಾಗಿ ಹೇಳಿದಳು. "ಆದ್ರೆ ಒಳ್ಗ್ ಬಂದು ನಮ್ಮನೆಯೋರ್ನ ಒಂದ್ಸಲ ನೋಡು. ನೋಡುದ್ ಮ್ಯಾಲೆ, ಸೋಮೇಶ ಜೈಲಲ್ಲೇ ಇರ್ಲಿ ಅಂತ ನೀನೇ ಯೋಳ್ತೀಯ."

ಒಳಗಿನಿಂದ ಯಾರೋ ಚಿಲಕ ತೆಗೆದರು.